ಕಪಾಟಿನೊಳಗೊಂದು ಸಂಬಾರದ ಗೂಡು



ನಿಮ್ಮ ಅಡುಗೆ ಮನೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಸಾಸಿವೆ ಎಲ್ಲಿದೆ? ಜೀರಿಗೆ ಎಲ್ಲಿದೆ? ಖಾರದ ಪುಡಿ ಎಲ್ಲಿದೆ? ನೀವು ಕಣ್ಣು ಮುಚ್ಚಿಕೊಂಡೇ ಹೇಳುತ್ತೀರಿ. ಸರಿ, ನಿಮ್ಮ ಮಗ ಹೇಳುತ್ತಾನೆಯೆ? ನಿಮ್ಮ ಯಜಮಾನರು ಹೇಳುತ್ತಾರೆಯೆ? ನೀವು ಎರಡು ದಿನ ಜ್ವರ ಬಂದು ಮಲಗಿದರೆ ಒಗ್ಗರಣೆ ಹಾಕುವವರು ಯಾರು?

ಇನ್ನೊಂದು ಪ್ರಶ್ನೆ. ಬೇಸಿಗೆಯಲ್ಲಿ ಮಾಡಿಟ್ಟ ಖಾರದ ಪುಡಿ ಮಳೆಗಾಲ ಮುಗಿಯುವ ತನಕ ಚೆನ್ನಾಗಿ ಇರುತ್ತದೆಯೆ? ಬಣ್ಣ, ಘಮ ಹಾಗೇ ಇರುತ್ತವೆಯೆ?

ಈ ಪಾಠದಲ್ಲಿ ಸಂಬಾರ ಪದಾರ್ಥ ಇಡುವುದಕ್ಕೆ ಒಂದು ಗೂಡು ಮಾಡೋಣ. ಅದೂ ನಮ್ಮ ಕಪಾಟಿನ ಒಳಗೇ. ಹೆಚ್ಚು ಖರ್ಚು ಬೇಡ. ಮನೆಯಲ್ಲಿರುವ ಹಳೆ ಹಲಗೆ, ಹಳೆ ಡಬ್ಬ ಸಾಕು. ಜೊತೆಗೆ ನೀವು ಕಲಿತ ಅಕ್ಷರ ಬೇಕು.

ನಮ್ಮವ್ವನ ಖಾರದ ಪುಡಿ

ನಮ್ಮದು ಬನ್ನೂರು. ಟಿ. ನರಸೀಪುರ ತಾಲ್ಲೂಕು. ಕುರಿಗೆ ಹೆಸರಾದ ಊರು. ನಾಲೆ ನೀರಿನ ಸೀಮೆ. ಊರ ಸುತ್ತ ಗದ್ದೆ. ಮಳೆಗಾಲ ಬಂತೆಂದರೆ ನಮ್ಮ ಹಳೆ ಮನೆಯ ಗೋಡೆ ತಣ್ಣಗೆ, ಹಸಿಯಾಗಿ ಇರುತ್ತಿತ್ತು.

ನಾನು ಆಗ ಶಾಲೆಗೆ ಹೋಗುವ ಹುಡುಗಿ. ನಮ್ಮವ್ವ ಹಾಲು ಮಾರಿದ ದುಡ್ಡು ಕೂಡಿಟ್ಟು ಒಂದು ಬೇಸಿಗೆಯಲ್ಲಿ ಮೂರು ಕಿಲೋ ಮೆಣಸಿನಕಾಯಿ ತಂದಳು. ಅಂಗಳದಲ್ಲಿ ಒಣಗಿಸಿದಳು. ತೊಟ್ಟು ಬಿಡಿಸಿದಳು. ಮಿಲ್ಲಿಗೆ ಹೋಗಿ ಪುಡಿ ಮಾಡಿಸಿದಳು. ಮಿಲ್ಲಿನಿಂದ ಬಂದ ಪುಡಿ ಇನ್ನೂ ಬಿಸಿಯಾಗಿತ್ತು. ಹಾಗೇ ದೊಡ್ಡ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿದಳು. ಕೈಗೆ ಸಿಕ್ಕಲಿ ಅಂತ ಒಲೆಯ ಮೇಲಿನ ಗೂಡಿನಲ್ಲಿ ಇಟ್ಟಳು.

ದಿನಾ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಹಬೆ ನೇರ ಗೂಡಿಗೆ ಹೋಗುತ್ತಿತ್ತು.

ಶ್ರಾವಣದ ಒಂದು ದಿನ ಅವ್ವ ಡಬ್ಬದ ತಳದ ಪುಡಿ ತೆಗೆಯಲು ಸೌಟು ಹಾಕಿದಳು. ಸೌಟು ಇಳಿಯಲಿಲ್ಲ. ಪುಡಿ ಗಟ್ಟಿಯಾಗಿ ಹೆಂಟೆ ಕಟ್ಟಿತ್ತು. ಒಡೆದು ನೋಡಿದರೆ ಒಳಗೆಲ್ಲ ಬೆಳ್ಳಗೆ, ಹಸಿರಾಗಿ ಬೂಷ್ಟು.

“ಬೂಷ್ಟು ಬಂದ್ಬುಟ್ಟದಲ್ಲವ್ವ” ಅಂದೆ.

ಅವ್ವ ಮಾತಾಡಲಿಲ್ಲ. ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲ ಬಳಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ತಿಪ್ಪೆಗೆ ಸುರಿದು ಬಂದಳು. ಆ ವರ್ಷವೆಲ್ಲ ಅಂಗಡಿಯಿಂದ ನೂರು ಗ್ರಾಂ, ನೂರು ಗ್ರಾಂ ಅಂತ ಖಾರದ ಪುಡಿ ತಂದೆವು.

ನಮ್ಮವ್ವ ಸೋಮಾರಿಯಲ್ಲ. ದಡ್ಡಿಯೂ ಅಲ್ಲ. ಎರಡು ಸಣ್ಣ ತಪ್ಪು ಮಾಡಿದ್ದಳು ಅಷ್ಟೆ. ಬಿಸಿ ಪುಡಿ ತುಂಬಿದ್ದು ಒಂದು. ಒಲೆಯ ಮೇಲೆ ಇಟ್ಟದ್ದು ಎರಡು. ಅವು ತಪ್ಪು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸಂಬಾರಕ್ಕೆ ಐದು ಶತ್ರುಗಳು

ಜೀರಿಗೆಗೆ ಘಮ ಎಲ್ಲಿಂದ ಬರುತ್ತದೆ? ಏಲಕ್ಕಿಗೆ? ಲವಂಗಕ್ಕೆ? ಅವುಗಳ ಒಳಗೆ ಒಂದು ಬಗೆಯ ಎಣ್ಣೆ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೂಗಿಗೆ ತಿಳಿಯುತ್ತದೆ. ಈ ಎಣ್ಣೆ ಕೊಬ್ಬರಿ ಎಣ್ಣೆಯ ಹಾಗಲ್ಲ. ಗಾಳಿಯಲ್ಲಿ ಹಾರಿ ಹೋಗುತ್ತದೆ. ಎಣ್ಣೆ ಹಾರಿದರೆ ಘಮ ಹೋಯಿತು. ಉಳಿಯುವುದು ಬರೀ ಹೊಟ್ಟು.

ಸಂಬಾರವನ್ನು ಕೆಡಿಸುವ ಶತ್ರುಗಳು ಐದು.

ಮೊದಲನೆಯದು ಬಿಸಿ. ಬಿಸಿ ತಾಗಿದಷ್ಟೂ ಎಣ್ಣೆ ಬೇಗ ಹಾರುತ್ತದೆ.

ಎರಡನೆಯದು ತೇವ. ಹಬೆ, ಒದ್ದೆ ಚಮಚ, ಹಸಿ ಗೋಡೆ, ಎಲ್ಲದರಿಂದಲೂ ತೇವ ಬರುತ್ತದೆ. ತೇವ ಬಂದರೆ ಪುಡಿ ಹೆಂಟೆ ಕಟ್ಟುತ್ತದೆ. ಬೂಷ್ಟು ಹಿಡಿಯುತ್ತದೆ.

ಮೂರನೆಯದು ಬೆಳಕು. ಬೆಳಕಿಗೆ ಮೆಣಸಿನಕಾಯಿಯ ಕೆಂಪು ಮಂಕಾಗುತ್ತದೆ. ಅರಿಶಿನದ ಹಳದಿ ಮಾಸುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೇ ಹೆಸರುವಾಸಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದರಿಂದ ಬಣ್ಣ ತೆಗೆದು ತುಟಿಗೆ ಹಚ್ಚುವ ಬಣ್ಣಕ್ಕೂ ಬಳಸುತ್ತಾರೆ. ದುಡ್ಡು ಕೊಟ್ಟು ಅಂಥ ಮೆಣಸಿನಕಾಯಿ ತಂದು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟರೆ ಬಣ್ಣ ಬಿಸಿಲಿನ ಪಾಲು.

ನಾಲ್ಕನೆಯದು ಗಾಳಿ. ಮುಚ್ಚಳ ಸಡಿಲವಾದರೆ ಘಮ ಹೊರಗೆ ಹೋಗುತ್ತದೆ, ತೇವ ಒಳಗೆ ಬರುತ್ತದೆ.

ಐದನೆಯದು ಹುಳು. ಕೊತ್ತಂಬರಿ ಬೀಜ, ಮೆಣಸಿನಕಾಯಿ, ಅರಿಶಿನದ ಕೊಂಬಿನಲ್ಲಿ ಸಣ್ಣ ಕಂದು ಹುಳು ನೋಡಿದ್ದೀರಲ್ಲ? ಅದು ತೂತು ಕೊರೆದು ಒಳಗೇ ಮೊಟ್ಟೆ ಇಡುತ್ತದೆ. ಒಂದು ಡಬ್ಬದಿಂದ ಇನ್ನೊಂದಕ್ಕೆ ಹೋಗುತ್ತದೆ.

ಇಡಿ ಕಾಳು ಹೆಚ್ಚು ದಿನ ತಾಳುತ್ತದೆ. ಪುಡಿ ಬೇಗ ಕೆಡುತ್ತದೆ. ಕಾಳಿಗೆ ಸಿಪ್ಪೆಯೇ ಮುಚ್ಚಳ. ಪುಡಿ ಮಾಡಿದಾಗ ಆ ಮುಚ್ಚಳವನ್ನು ನಾವೇ ಒಡೆದ ಹಾಗಾಯಿತು. ಆದ್ದರಿಂದ ಇಡಿ ಕಾಳನ್ನು ವರ್ಷಕ್ಕೆ ಬೇಕಾದಷ್ಟು ಇಡಬಹುದು. ಪುಡಿಯನ್ನು ಮೂರು ನಾಲ್ಕು ತಿಂಗಳಿಗೆ ಆಗುವಷ್ಟು ಮಾತ್ರ ಮಾಡಿಸಿ.

ಬೂಷ್ಟು ತೆಗೆದು ತಿನ್ನಬಹುದೆ?

ತಿನ್ನಬಾರದು. ಇದನ್ನು ಚೆನ್ನಾಗಿ ನೆನಪಿಡಿ.

“ಮೇಲಿಂದು ತೆಗೆದು ಬಿಸಾಕಿದ್ರೆ ಆಯ್ತು, ಕೆಳಗಿಂದು ಚೆನ್ನಾಗೇ ಅದೆ” ಎಂದು ಕೆಲವರು ಹೇಳುತ್ತಾರೆ. “ಹುರಿದರೆ ಹೋಗ್ತದೆ” ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ.

ಕೆಲವು ಬಗೆಯ ಬೂಷ್ಟು ಒಂದು ವಿಷವನ್ನು ಮಾಡುತ್ತದೆ. ಅದರ ಹೆಸರು ಅಫ್ಲಾಟಾಕ್ಸಿನ್. ಕಡಲೆಕಾಯಿ, ಮುಸುಕಿನ ಜೋಳ, ಮೆಣಸಿನಕಾಯಿ ಸರಿಯಾಗಿ ಒಣಗದಿದ್ದರೆ ಅವುಗಳಲ್ಲಿ ಇದು ಬರಬಹುದು. ಈ ವಿಷ ಕಣ್ಣಿಗೆ ಕಾಣುವುದಿಲ್ಲ. ನಾವು ಮನೆಯಲ್ಲಿ ಹುರಿಯುವ, ಬೇಯಿಸುವ ಬಿಸಿಗೆ ಪೂರಾ ಹೋಗುವುದಿಲ್ಲ. ಬಹಳ ದಿನ ಹೊಟ್ಟೆಗೆ ಹೋದರೆ ಈಲಿಯನ್ನು, ಎಂದರೆ ಲಿವರನ್ನು ಕೆಡಿಸುತ್ತದೆ. ಈಲಿಯ ಕ್ಯಾನ್ಸರಿಗೂ ಕಾರಣವಾಗುತ್ತದೆ.

ಬೂಷ್ಟು ಹಿಡಿದ ಪುಡಿಯನ್ನು ನಮ್ಮವ್ವ ತಿಪ್ಪೆಗೆ ಸುರಿದದ್ದು ಸರಿಯಾದ ಕೆಲಸ. ಹಸುವಿಗೂ, ಕೋಳಿಗೂ ಅದನ್ನು ಹಾಕಬೇಡಿ.

ಬೂಷ್ಟು ಬಂದ ಮೇಲೆ ಮದ್ದಿಲ್ಲ. ಬಾರದ ಹಾಗೆ ಇಡುವುದೇ ಮದ್ದು.

ಹಿಂದಿನವರು ಹೇಗೆ ಇಡುತ್ತಿದ್ದರು?

ನಮ್ಮ ಅಜ್ಜಿಯರ ಅಡುಗೆ ಮನೆಯಲ್ಲಿ ಕಪಾಟು ಇರಲಿಲ್ಲ. ಅಡಕಲು ಇತ್ತು. ಮೂಲೆಯಲ್ಲಿ ಒಂದರ ಮೇಲೊಂದು ಮಡಕೆ. ಕೆಳಗೆ ದೊಡ್ಡದು, ಮೇಲೆ ಮೇಲೆ ಸಣ್ಣದು. ಮೇಲಿನ ಮಡಕೆಯೇ ಕೆಳಗಿನ ಮಡಕೆಗೆ ಮುಚ್ಚಳ. ಒಳಗೆ ಕತ್ತಲು. ಒಳಗೆ ತಂಪು. ಕಾಳು, ಬೇಳೆ, ಸಂಬಾರ ಎಲ್ಲ ಅದರಲ್ಲೇ. ಹೆಂಗಸರು ಕೂಡಿಟ್ಟ ಪುಡಿಗಾಸೂ ಅದರಲ್ಲೇ!

ಹಗ್ಗದಲ್ಲಿ ನೇತು ಹಾಕಿದ ನೆಲುವು ಇತ್ತು. ದಿನದ ಒಗ್ಗರಣೆಗೆ ಮರದ ಸಂಬಾರ ಬಟ್ಟಲು ಇತ್ತು. ಖಾರದ ಪುಡಿಯಲ್ಲಿ ಒಂದು ತುಂಡು ಇಂಗು ಹಾಕಿ ಇಡುತ್ತಿದ್ದರು.

ಈಗ ಮನೆ ಬದಲಾಗಿದೆ. ಒಲೆ ಹೋಗಿ ಗ್ಯಾಸು ಬಂದಿದೆ. ನಿಂತು ಅಡುಗೆ ಮಾಡುವ ಕಟ್ಟೆ ಬಂದಿದೆ. ಕಟ್ಟೆಯ ಕೆಳಗೆ, ಗೋಡೆಯ ಮೇಲೆ ಬಾಗಿಲು ಇರುವ ಕಪಾಟು ಬಂದಿದೆ. ಆದರೆ ಅಡಕಲಿನ ಬುದ್ಧಿ ಹಳೆಯದಾಗಿಲ್ಲ. ಕತ್ತಲು, ತಂಪು, ಬಿಗಿ ಮುಚ್ಚಳ. ಈ ಮೂರು ಇಂದೂ ಬೇಕು. ಇವು ಮೂರೂ ಕಪಾಟಿನೊಳಗೆ ಸಿಗುತ್ತವೆ.

ಮೊದಲು ಜಾಗ ನೋಡಿ

ಎಲ್ಲ ಕಪಾಟೂ ಸಂಬಾರಕ್ಕೆ ಆಗುವುದಿಲ್ಲ. ಎರಡು ಪರೀಕ್ಷೆ ಮಾಡಿ. ದುಡ್ಡಿಲ್ಲದ ಪರೀಕ್ಷೆ.

ಕೈ ಪರೀಕ್ಷೆ: ಅಡುಗೆ ಮುಗಿದ ತಕ್ಷಣ ಕಪಾಟಿನ ಒಳಗೆ ಕೈ ಇಟ್ಟು ನೋಡಿ. ಬೆಚ್ಚಗೆ ಇದೆಯೆ? ಹಾಗಾದರೆ ಆ ಜಾಗ ಬೇಡ. ಒಲೆಯಿಂದ ಎರಡು ಮೊಳವಾದರೂ ದೂರ ಇರಬೇಕು. ಒಲೆಯ ನೇರ ಮೇಲಂತೂ ಬೇಡವೇ ಬೇಡ.

ಉಪ್ಪಿನ ಪರೀಕ್ಷೆ: ಎರಡು ತಟ್ಟೆಯಲ್ಲಿ ಎರಡೆರಡು ಚಮಚ ಕಲ್ಲುಪ್ಪು ಹಾಕಿ. ಒಂದು ತಟ್ಟೆಯನ್ನು ಒಂದು ಕಪಾಟಿನಲ್ಲಿ ಇಡಿ. ಇನ್ನೊಂದನ್ನು ಇನ್ನೊಂದು ಕಪಾಟಿನಲ್ಲಿ ಇಡಿ. ಬಾಗಿಲು ಮುಚ್ಚಿ. ಬೆಳಗ್ಗೆ ನೋಡಿ. ಯಾವ ಉಪ್ಪು ಹೆಚ್ಚು ಒದ್ದೆಯಾಗಿದೆಯೋ ಆ ಕಪಾಟಿನಲ್ಲಿ ತೇವ ಹೆಚ್ಚು. ಒಣಗಿದ ಕಡೆ ಸಂಬಾರ ಇಡಿ. ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿದರೆ ಒಳ್ಳೆಯದು.

ನೀರಿನ ಪೈಪು ಹೋಗುವ ಕಪಾಟು ಬೇಡ. ಗ್ಯಾಸ್ ಸಿಲಿಂಡರ್ ಇಟ್ಟ ಕಪಾಟೂ ಬೇಡ. ಸುಣ್ಣ ಉದುರುವ ಗೋಡೆ ಇದ್ದರೆ ಅಲ್ಲಿ ಹಸಿ ಇದೆ ಎಂದು ಅರ್ಥ.

ಒಂದನೇ ಗೂಡು: ಮೆಟ್ಟಿಲು ಹಲಗೆ

ಇದಕ್ಕೆ ಮೊಳೆ ಬೇಡ. ಸುತ್ತಿಗೆ ಬೇಡ. ಬಾಡಿಗೆ ಮನೆಯಲ್ಲೂ ಮಾಡಬಹುದು.

ಕಪಾಟಿನಲ್ಲಿ ಡಬ್ಬಗಳನ್ನು ಎರಡು ಸಾಲು ಇಟ್ಟರೆ ಏನಾಗುತ್ತದೆ? ಹಿಂದಿನ ಸಾಲು ಕಾಣುವುದಿಲ್ಲ. ಕಾಣದ್ದು ಮರೆತು ಹೋಗುತ್ತದೆ. ಮರೆತದ್ದು ಹುಳು ಹಿಡಿಯುತ್ತದೆ. ಹಿಂದಿನ ಸಾಲನ್ನು ಎತ್ತರ ಮಾಡಿದರೆ ಎರಡೂ ಕಾಣುತ್ತವೆ. ಸಂತೆಯಲ್ಲಿ ಬಳೆಗಾರ ಬಳೆ ಜೋಡಿಸುತ್ತಾನಲ್ಲ, ಹಾಗೆ.

ಬೇಕಾಗುವ ಸಾಮಾನು: ಇಟ್ಟಿಗೆ 2, ಹಲಗೆ 1, ಹಳೆ ಬಟ್ಟೆ.

ಮಾಡುವ ಕ್ರಮ:

1. ಕಪಾಟಿನ ಒಳಗಿನ ಅಗಲವನ್ನು ಟೇಪಿನಿಂದ ಅಳೆಯಿರಿ. 24 ಇಂಚು ಇದೆ ಎಂದುಕೊಳ್ಳಿ. ಹಲಗೆ 23 ಇಂಚು ಉದ್ದ ಇರಲಿ. 5 ಇಂಚು ಅಗಲ ಇರಲಿ.

2. ಇಟ್ಟಿಗೆಯನ್ನು ಎರಡು ದಿನ ಬಿಸಿಲಿನಲ್ಲಿ ಒಣಗಿಸಿ. ಇಟ್ಟಿಗೆ ನೀರು ಹೀರುತ್ತದೆ. ಒಣಗಿದ ಮೇಲೆ ಹಳೆ ಬಟ್ಟೆ ಸುತ್ತಿ. ಆಗ ಕೆಂಪು ಪುಡಿ ಉದುರುವುದಿಲ್ಲ.

3. ಕಪಾಟಿನ ಹಿಂದಿನ ಗೋಡೆಗೆ ಸೇರಿಸಿ, ಎರಡು ತುದಿಗೂ ಒಂದೊಂದು ಇಟ್ಟಿಗೆಯನ್ನು ಮಲಗಿಸಿ ಇಡಿ.

4. ಮೇಲೆ ಹಲಗೆ ಇಡಿ. ಕೈಯಿಂದ ಒತ್ತಿ ನೋಡಿ. ಅಲ್ಲಾಡಬಾರದು. ಹಲಗೆ ಎರಡು ಅಡಿಗಿಂತ ಉದ್ದ ಇದ್ದರೆ ನಡುವೆ ಇನ್ನೊಂದು ಇಟ್ಟಿಗೆ ಇಡಿ.

ಆಯಿತು! ಹಿಂದಿನ ಸಾಲು ಸುಮಾರು ಮೂರು ಇಂಚು ಮೇಲೆ ಬಂತು. ಹಲಗೆಯ ಮೇಲೆ ಇಡಿ ಕಾಳಿನ ಡಬ್ಬ. ಮುಂದಿನ ಸಾಲಿನಲ್ಲಿ ದಿನಾ ಬೇಕಾಗುವ ಪುಡಿ. ಹಲಗೆಯ ಕೆಳಗಿನ ಸಂದು ಖಾಲಿ ಇರಲಿ. ಅಲ್ಲಿ ಗಾಳಿ ಆಡಲಿ. ತಿಂಗಳಿಗೊಮ್ಮೆ ಎಲ್ಲ ತೆಗೆದು ಒರೆಸಿ.

ಎರಡನೇ ಗೂಡು: ಬಾಗಿಲ ಹಲಗೆ

ಕಪಾಟಿನ ಬಾಗಿಲ ಒಳಮೈ ಖಾಲಿ ಇರುತ್ತದೆ. ಅಲ್ಲಿಗೆ ಒಂದು ಸಣ್ಣ ಗೂಡು ಹೊಡೆದರೆ 12 ಡಬ್ಬಿ ಕೂರುತ್ತವೆ. ಬಾಗಿಲು ತೆಗೆದರೆ ಎಲ್ಲ ಕಣ್ಣ ಮುಂದೆ. ಮುಚ್ಚಿದರೆ ಕತ್ತಲು.

ಮೊದಲು ರಟ್ಟಿನ ಪರೀಕ್ಷೆ ಮಾಡಿ. ಮೂರೂವರೆ ಇಂಚು ಅಗಲದ ರಟ್ಟಿನ ಡಬ್ಬವೊಂದನ್ನು ಬಾಗಿಲ ಒಳಮೈಗೆ ಅಂಟಿಸಿ. ಬಾಗಿಲು ಹಾಕಿ. ಪೂರಾ ಮುಚ್ಚಿತೆ? ಹಾಗಾದರೆ ಜಾಗ ಇದೆ. ಒಳಗಿನ ಹಲಗೆಗೆ ತಗುಲಿತೆ? ಮರದ ಹಲಗೆಯಾದರೆ ನಾಲ್ಕು ಇಂಚು ಕೊಯ್ಯಬಹುದು. ಕಡಪ ಕಲ್ಲಾದರೆ ಕೊಯ್ಯಲು ಹೋಗಬೇಡಿ. ಒಂದನೇ ಗೂಡೇ ಸಾಕು. ಬಾಗಿಲು ಕೂಡ ಮುಕ್ಕಾಲು ಇಂಚು ದಪ್ಪದ ಮರ ಅಥವಾ ಪ್ಲೈವುಡ್ ಆಗಿರಬೇಕು.

ಬಾಗಿಲು 15 ಇಂಚು ಅಗಲ, 24 ಇಂಚು ಎತ್ತರ ಇದೆ ಎಂದುಕೊಳ್ಳೋಣ. ಆಗ ಈ ಅಳತೆ ಸರಿಹೋಗುತ್ತದೆ. ಎಲ್ಲ ಹಲಗೆಯೂ ಅರ್ಧ ಇಂಚು ದಪ್ಪ.

ಪಕ್ಕದ ಹಲಗೆ 2: ಉದ್ದ 20 ಇಂಚು, ಅಗಲ 3 ಇಂಚು.
ಅಡ್ಡ ಹಲಗೆ 3: ಉದ್ದ 11 ಇಂಚು, ಅಗಲ 3 ಇಂಚು.
ಹಿಂದಿನ ಪಟ್ಟಿ 2: ಉದ್ದ 11 ಇಂಚು, ಅಗಲ 1 ಇಂಚು.
ಮುಂದಿನ ಪಟ್ಟಿ 3: ಉದ್ದ 12 ಇಂಚು, ಅಗಲ 1 ಇಂಚು.
ಸಣ್ಣ ಮೊಳೆ, ಒಂದು ಇಂಚಿನ ತಿರುಪು ಮೊಳೆ 6.

ಮಾಡುವ ಕ್ರಮ:

1. ಪಕ್ಕದ ಹಲಗೆಗಳನ್ನು ನಿಲ್ಲಿಸಿ. ಅವುಗಳ ನಡುವೆ ಮೂರು ಅಡ್ಡ ಹಲಗೆ ಹೊಡೆಯಿರಿ. ಒಂದು ತಳದಲ್ಲಿ. ಅದರ ಮೇಲೆ 6 ಇಂಚು ಬಿಟ್ಟು ಎರಡನೆಯದು. ಮತ್ತೆ 6 ಇಂಚು ಬಿಟ್ಟು ಮೂರನೆಯದು.

2. ಹಿಂದಿನ ಪಟ್ಟಿ ಒಂದನ್ನು ತುತ್ತತುದಿಯಲ್ಲಿ ಹೊಡೆಯಿರಿ. ಇನ್ನೊಂದನ್ನು ಎರಡನೇ ಅಡ್ಡ ಹಲಗೆಯ ಕೆಳಗೆ, ಹಿಂಬದಿಯಲ್ಲಿ ಹೊಡೆಯಿರಿ. ಗೂಡನ್ನು ಬಾಗಿಲಿಗೆ ಕಚ್ಚಿಸುವುದು ಈ ಪಟ್ಟಿಗಳೇ.

3. ಮುಂದಿನ ಪಟ್ಟಿಗಳನ್ನು ಪ್ರತಿ ಅಡ್ಡ ಹಲಗೆಯ ಮೇಲೆ ಒಂದು ಇಂಚು ಬಿಟ್ಟು ಹೊಡೆಯಿರಿ. ಬಾಗಿಲು ತೆಗೆದಾಗ ಡಬ್ಬಿ ಬೀಳದ ಹಾಗೆ ಇದು ತಡೆಯುತ್ತದೆ.

4. ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ. ಕೈಗೆ ಸಿಬಿರು ಚುಚ್ಚಬಾರದು.

5. ಗೂಡನ್ನು ಬಾಗಿಲ ನಡುವೆ ಹಿಡಿದು, ಹಿಂದಿನ ಪಟ್ಟಿಯ ಮೂಲಕ ತಿರುಪು ಮೊಳೆ ಬಿಗಿಯಿರಿ. ಒಂದು ಪಟ್ಟಿಗೆ ಮೂರು. ಒಂದು ಇಂಚಿನ ಮೊಳೆ ಪಟ್ಟಿಯಲ್ಲಿ ಅರ್ಧ ಇಂಚು, ಬಾಗಿಲಲ್ಲಿ ಅರ್ಧ ಇಂಚು ಹೋಗುತ್ತದೆ. ಇನ್ನೂ ಉದ್ದ ಮೊಳೆ ಹಾಕಿದರೆ ಬಾಗಿಲ ಹೊರಗೆ ಬರುತ್ತದೆ. ಜೋಕೆ!

ಎರಡೂವರೆ ಇಂಚು ಅಗಲದ ಡಬ್ಬಿ ಒಂದು ಸಾಲಿಗೆ 4 ಹಿಡಿಸುತ್ತವೆ. ಮೂರು ಸಾಲಿಗೆ 12. ಡಬ್ಬಿಯ ಎತ್ತರ ನಾಲ್ಕೂವರೆ ಇಂಚು ದಾಟದಿರಲಿ.

ಭಾರದ ಲೆಕ್ಕ ಹಾಕೋಣ. ಒಂದು ಡಬ್ಬಿ, ಒಳಗಿನ ಸಂಬಾರ ಸೇರಿ 200 ಗ್ರಾಂ ಎಂದುಕೊಳ್ಳಿ. 12 ಡಬ್ಬಿಗೆ ಎಷ್ಟು? 2,400 ಗ್ರಾಂ. ಎಂದರೆ ಎರಡು ಕಿಲೋ ನಾಲ್ಕು ನೂರು ಗ್ರಾಂ. ಗಾಜಿನ ಶೀಸೆಯಾದರೆ ಇದರ ಎರಡರಷ್ಟು ಭಾರ ಆಗಬಹುದು. ಬಾಗಿಲ ಕೀಲು ಜಗ್ಗುತ್ತದೆ. ಆದ್ದರಿಂದ ಬಾಗಿಲ ಗೂಡಿಗೆ ಸ್ಟೀಲು ಅಥವಾ ಹಗುರ ಪ್ಲಾಸ್ಟಿಕ್ ಡಬ್ಬಿ ಇರಲಿ. ಗಾಜಿನ ಶೀಸೆ ಒಳಗಿನ ಹಲಗೆಯ ಮೇಲೆ ಇರಲಿ. ಗೂಡು ಹೊಡೆಯುವ ಮುಂಚೆ ಕೀಲಿನ ಮೊಳೆಗಳನ್ನೂ ಬಿಗಿ ಮಾಡಿ.

“ಇದೆಲ್ಲ ಗಂಡಸರ ಕೆಲಸ ಅಲ್ವಾ ಟೀಚರಮ್ಮ?” ಎಂದು ನಮ್ಮ ಕೇಂದ್ರದಲ್ಲಿ ಒಬ್ಬರು ಕೇಳಿದರು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು ಹೇಳಿದರು: “ನಾಟಿ ಮಾಡೋ ಕೈಗೆ ಮೊಳೆ ಹೊಡೆಯೋದು ಕಷ್ಟವಾ? ಹಲಗೆ ಕುಯ್ಯೋದು ಆಚಾರ್ರು ಕುಯ್ಯಲಿ. ಹೊಡೆಯೋದು ನಾನೇ ಹೊಡೀತೀನಿ.” ಹಾಗೇ ಹೊಡೆದರು ಕೂಡ.

ಯಾವ ಹಲಗೆ, ಯಾವ ಡಬ್ಬ?

ಹಲಗೆ ಒಣಗಿರಬೇಕು. ಗೆದ್ದಲು ಹಿಡಿದಿರಬಾರದು. ಬಣ್ಣ ಹೊಡೆದರೆ ವಾಸನೆ ಪೂರಾ ಹೋಗುವ ತನಕ ಬಿಸಿಲು ಗಾಳಿಗೆ ಬಿಡಿ. ಸಂಬಾರ ಬೇರೆ ವಾಸನೆಯನ್ನು ಬೇಗ ಹೀರುತ್ತದೆ.

ಡಬ್ಬದ ಮುಚ್ಚಳ ಬಿಗಿ ಇರಬೇಕು. ಹಾರ್ಲಿಕ್ಸ್ ಶೀಸೆ, ಸ್ಟೀಲ್ ಡಬ್ಬಿ ಆಗಬಹುದು. ತೊಳೆದು, ಒಂದು ದಿನ ಬಿಸಿಲಿನಲ್ಲಿ ಒಣಗಿಸಿ. ಬಣ್ಣದ ಡಬ್ಬ, ಔಷಧಿ ಡಬ್ಬ, ಗದ್ದೆಗೆ ಹೊಡೆಯುವ ಮದ್ದಿನ ಡಬ್ಬ ಬೇಡ. ಎಷ್ಟು ತೊಳೆದರೂ ಬೇಡ.

ಉಪ್ಪು, ಹುಣಸೆಹಣ್ಣು ಲೋಹವನ್ನು ತಿನ್ನುತ್ತವೆ. ಅವಕ್ಕೆ ಪಿಂಗಾಣಿ ಜಾಡಿ ಅಥವಾ ಗಾಜಿನ ಶೀಸೆ ಇರಲಿ. ಅಯೋಡಿನ್ ಉಪ್ಪನ್ನು ಮುಚ್ಚಿಡಿ. ತೇವ, ಬೆಳಕು ತಾಗಿದರೆ ಅಯೋಡಿನ್ ಕಡಿಮೆಯಾಗುತ್ತದೆ.

ಹಳೆ ಪತ್ರಿಕೆಯನ್ನು ಡಬ್ಬದ ಕೆಳಗೆ ಹಾಸಬಹುದು. ಅದರಲ್ಲಿ ಸಂಬಾರ ಕಟ್ಟಿಡಬೇಡಿ. ಅಚ್ಚಿನ ಮಸಿ ಒಳ್ಳೆಯದಲ್ಲ.

ತುಂಬುವಾಗ ನಾಲ್ಕು ಮಾತು

ಒಂದು: ಮೆಣಸಿನಕಾಯಿ, ಕೊತ್ತಂಬರಿಯನ್ನು ಗರಿಗರಿಯಾಗಿ ಒಣಗಿಸಿ. ಮೆಣಸಿನಕಾಯಿ ಮುರಿದರೆ ಪಟ್ ಎನ್ನಬೇಕು.

ಎರಡು: ಒಣಗಿಸಿದ್ದು, ಹುರಿದದ್ದು, ಮಿಲ್ಲಿನಿಂದ ತಂದದ್ದು ಯಾವುದನ್ನೂ ಬಿಸಿಯಾಗಿ ತುಂಬಬೇಡಿ. ಬಿಸಿ ಪುಡಿಯ ಹಬೆ ಮುಚ್ಚಳಕ್ಕೆ ತಾಗಿ ನೀರಾಗುತ್ತದೆ. ಆ ನೀರು ಮತ್ತೆ ಪುಡಿಗೇ ಬೀಳುತ್ತದೆ. ಬಿಸಿ ಅನ್ನದ ತಟ್ಟೆ ಮುಚ್ಚಿದರೆ ಮುಚ್ಚಳದಲ್ಲಿ ಹನಿ ನಿಲ್ಲುತ್ತದಲ್ಲ, ಹಾಗೆ. ಅಗಲ ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ತುಂಬಿ.

ಮೂರು: ದೊಡ್ಡ ಡಬ್ಬವನ್ನು ದಿನಾ ತೆರೆಯಬೇಡಿ. ವಾರಕ್ಕೆ ಬೇಕಾದಷ್ಟನ್ನು ಸಾಸಿವೆ ಡಬ್ಬಿಗೆ ಹಾಕಿಕೊಳ್ಳಿ.

ನಾಲ್ಕು: ಕುದಿಯುವ ಸಾರಿನ ಮೇಲೆ ಡಬ್ಬ ಹಿಡಿದು ಪುಡಿ ಸುರಿಯಬೇಡಿ. ಹಬೆ ಒಳಗೆ ಹೋಗುತ್ತದೆ. ಒಣ ಚಮಚದಲ್ಲಿ ತೆಗೆದು ಹಾಕಿ.

ಆಹಾರ ಕೆಡದ ಹಾಗೆ ಇಡುವುದು ಒಂದು ದೊಡ್ಡ ವಿದ್ಯೆ. ನಮ್ಮ ಮೈಸೂರಿನಲ್ಲೇ ಇದಕ್ಕೊಂದು ದೊಡ್ಡ ಸಂಸ್ಥೆ ಇದೆ. ಅದರ ಹೆಸರು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾಯಿತು. ಅಲ್ಲಿ ವಿಜ್ಞಾನಿಗಳು ಸಂಬಾರ ಪದಾರ್ಥಗಳ ಮೇಲೂ ಸಂಶೋಧನೆ ಮಾಡುತ್ತಾರೆ. ಹೆಂಗಸರು ಅಡುಗೆ ಮನೆಯಲ್ಲಿ ಮಾಡುವ ಕೆಲಸ ಸಣ್ಣದಲ್ಲ ಎಂದು ಇದರಿಂದ ತಿಳಿಯುತ್ತದೆ.

ಈಗ ಹೆಸರು ಬರೆಯಿರಿ

ಗೂಡು ಆಯಿತು. ಡಬ್ಬಿ ತುಂಬಿದ್ದಾಯಿತು. ಆದರೆ ಕೆಲಸ ಮುಗಿದಿಲ್ಲ.

“ಡಬ್ಬ ಅಲ್ಲಾಡಿಸಿದ್ರೆ ಒಳಗೇನದೆ ಅಂತ ಗೊತ್ತಾಗ್ತದೆ. ಹೆಸರ್ಯಾಕೆ?” ಎಂದು ನಮ್ಮ ಕೇಂದ್ರದಲ್ಲಿ ಒಬ್ಬ ತಾಯಿ ನಕ್ಕರು. ಎಲ್ಲರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ಅವರು ಹೇಳಿದ ಮಾತು ಕೇಳಿ.

ಅವರ ಮನೆಯಲ್ಲಿ ಎರಡು ಡಬ್ಬಿ ಒಂದೇ ತರ ಇದ್ದವು. ಒಂದರಲ್ಲಿ ಅಡುಗೆ ಸೋಡ. ಒಂದರಲ್ಲಿ ಇರುವೆಗೆ ಹಾಕುವ ಮದ್ದು. ಎರಡೂ ಬಿಳಿ ಪುಡಿ. ಎರಡೂ ಒಂದೇ ಹಲಗೆಯ ಮೇಲೆ. ಹಬ್ಬದ ದಿನ ಬೆಳಗ್ಗೆ ಆತುರದಲ್ಲಿ ಬೋಂಡದ ಹಿಟ್ಟಿಗೆ ಸೋಡ ಎಂದು ಚಮಚ ಎತ್ತಿದರು. ಮೂಗಿಗೆ ಏನೋ ವಾಸನೆ ಬಡಿಯಿತು. ಕೈ ನಿಂತಿತು. “ಅವತ್ತು ನಂಗೆ ನೆಗಡಿ ಇದ್ದಿದ್ರೆ ಏನ್ಗತಿ? ಮೂರು ಮಕ್ಕಳು ತಟ್ಟೆ ಹಿಡ್ಕೊಂಡು ಕೂತಿದ್ವು” ಎಂದರು.

ಆಮೇಲೆ ಯಾರೂ ನಗಲಿಲ್ಲ. ಎಲ್ಲರೂ ಕಾಗದ, ಪೆನ್ನು ತೆಗೆದುಕೊಂಡರು.

ಮೊದಲ ಮಾತು: ಇರುವೆ ಮದ್ದು, ಇಲಿ ಪಾಷಾಣ, ಸೀಮೆಎಣ್ಣೆ, ಗದ್ದೆಯ ಮದ್ದು ಅಡುಗೆ ಮನೆಯಲ್ಲೇ ಇರಬಾರದು. ಅವು ಬಂದ ಪೊಟ್ಟಣದಲ್ಲೇ ಇರಬೇಕು. ಮಕ್ಕಳಿಗೆ ಎಟುಕದ ಕಡೆ ಬೀಗ ಹಾಕಿ ಇಡಬೇಕು. ತಿನ್ನುವ ಪದಾರ್ಥದ ಡಬ್ಬಕ್ಕೆ ಎಂದೂ ಹಾಕಬಾರದು.

ಎರಡನೇ ಮಾತು: ಪ್ರತಿ ಡಬ್ಬಕ್ಕೂ ಹೆಸರು ಬರೆಯಿರಿ. ಹೆಸರಿನ ಕೆಳಗೆ ತುಂಬಿದ ತಿಂಗಳು ಬರೆಯಿರಿ. ಹೀಗೆ:

ಖಾರದ ಪುಡಿ
ಏಪ್ರಿಲ್

ಅಂಟು ಹಚ್ಚಿ ಅಂಟಿಸಿ. ಮೇಲೆ ಪಾರದರ್ಶಕ ಟೇಪು ಹಾಕಿ. ಎಣ್ಣೆ ಕೈ ತಾಗಿದರೂ ಅಳಿಸುವುದಿಲ್ಲ. ಚೀಟಿಯನ್ನು ಮುಚ್ಚಳಕ್ಕೆ ಅಂಟಿಸಬೇಡಿ. ಮುಚ್ಚಳ ಅದಲು ಬದಲಾಗುತ್ತದೆ. ಡಬ್ಬದ ಮೈಗೇ ಅಂಟಿಸಿ.

ನಮ್ಮ ಬಾಗಿಲ ಗೂಡಿನಲ್ಲಿ 12 ಡಬ್ಬಿ ಇವೆ. 12 ಹೆಸರು ಇಲ್ಲಿವೆ. ಜೋರಾಗಿ ಓದಿ.

ಸಾಸಿವೆ, ಜೀರಿಗೆ, ಮೆಂತ್ಯ, ಮೆಣಸು.
ಕೊತ್ತಂಬರಿ, ಗಸಗಸೆ, ಚಕ್ಕೆ, ಲವಂಗ.
ಏಲಕ್ಕಿ, ಅರಿಶಿನ ಪುಡಿ, ಖಾರದ ಪುಡಿ, ಸಾರಿನ ಪುಡಿ.

‘ಮೆಣಸು’ ಎಂಬ ಹೆಸರನ್ನು ನೋಡಿ. ‘ಮೆಣಸಿನಕಾಯಿ’ ಎಂಬ ಹೆಸರನ್ನೂ ನೋಡಿ. ಎರಡರಲ್ಲೂ ‘ಮೆಣಸು’ ಇದೆ. ಯಾಕೆ ಗೊತ್ತೆ? ಹಿಂದೆ ನಮ್ಮಲ್ಲಿ ಖಾರ ಎಂದರೆ ಕರಿ ಮೆಣಸೇ. ಮೆಣಸನ್ನು ಹುಡುಕಿಕೊಂಡು ಪೋರ್ಚುಗೀಸರು ಹಡಗಿನಲ್ಲಿ 1498ರಲ್ಲಿ ಕೇರಳದ ಕಲ್ಲಿಕೋಟೆಗೆ ಬಂದರು. ಮೆಣಸಿನಕಾಯಿ ಮೂಲತಃ ಅಮೆರಿಕದ ಗಿಡ. ಪೋರ್ಚುಗೀಸರ ಕಾಲದಲ್ಲಿ ನಮ್ಮ ನಾಡಿಗೆ ಬಂತು. ಮೆಣಸಿನ ಹಾಗೆ ಖಾರ ಇರುವ ಕಾಯಿ ಎಂದು ನಮ್ಮವರು ‘ಮೆಣಸಿನಕಾಯಿ’ ಎಂದು ಕರೆದರು. ನಿಮ್ಮ ಡಬ್ಬಿಯ ಮೇಲಿನ ಒಂದು ಹೆಸರಿನಲ್ಲಿ ಇಷ್ಟು ದೊಡ್ಡ ಕಥೆ ಇದೆ!

ಜ್ವರ ಬಂದ ದಿನ

ಸೋಡದ ಡಬ್ಬಿಯ ಕಥೆ ಹೇಳಿದವರು ಬಾಗಿಲ ಗೂಡು ಮಾಡಿಕೊಂಡರು. ಹನ್ನೆರಡು ಹೆಸರನ್ನೂ ತಾವೇ ಬರೆದರು. ‘ಕೊತ್ತಂಬರಿ’ಯ ಒತ್ತಕ್ಷರ ಎರಡು ಸಲ ತಪ್ಪಿತು. ಮೂರನೇ ಸಲ ಸರಿಯಾಯಿತು.

ಸ್ವಲ್ಪ ದಿನಕ್ಕೆ ಅವರಿಗೆ ಜ್ವರ ಬಂತು. ಎದ್ದು ಕೂರಲೂ ಆಗಲಿಲ್ಲ. ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ಕೇಳಿಸಿತು. ಯಜಮಾನರು ಕಪಾಟಿನ ಬಾಗಿಲು ತೆಗೆದು ಒಂದೊಂದೇ ಹೆಸರು ಓದುತ್ತಿದ್ದರು. “ಸಾಸಿವೆ... ಜೀರಿಗೆ... ಸಾರಿನ ಪುಡಿ...”

“ಮದುವೆಯಾಗಿ ಹದಿನೆಂಟು ವರ್ಷ ಆಯ್ತು ಟೀಚರಮ್ಮ. ನಾನು ಬರೆದಿದ್ದನ್ನ ಅವರು ಓದಿದ್ದು ಅದೇ ಮೊದಲು” ಎಂದರು.

“ಸಾರು ಹೇಗಿತ್ತು?” ಎಂದು ಕೇಳಿದೆ.

“ಉಪ್ಪು ಜಾಸ್ತಿ ಆಗಿತ್ತು. ಉಪ್ಪಿನ ಜಾಡಿಗೆ ಚೀಟಿ ಹಾಕಿದ್ದೆ, ಎಷ್ಟು ಹಾಕ್ಬೇಕು ಅಂತ ಬರೆದಿರಲಿಲ್ಲವಲ್ಲ!”

ಅಭ್ಯಾಸ

ಹೇಳಿ:
1. ಸಂಬಾರದ ಐದು ಶತ್ರುಗಳು ಯಾವುವು?
2. ಬಿಸಿ ಪುಡಿಯನ್ನು ಡಬ್ಬಕ್ಕೆ ತುಂಬಿದರೆ ಏನಾಗುತ್ತದೆ?
3. ಬೂಷ್ಟು ಹಿಡಿದ ಖಾರದ ಪುಡಿಯನ್ನು ಯಾಕೆ ತಿನ್ನಬಾರದು?
4. ಚೀಟಿಯನ್ನು ಮುಚ್ಚಳಕ್ಕೆ ಯಾಕೆ ಅಂಟಿಸಬಾರದು?

ಅಳೆಯಿರಿ:
ನಿಮ್ಮ ಕಪಾಟಿನ ಅಗಲ ಎಷ್ಟು ಇಂಚು? ಎತ್ತರ ಎಷ್ಟು ಇಂಚು? ಬರೆದುಕೊಳ್ಳಿ.

ಲೆಕ್ಕ ಮಾಡಿ:
ಒಂದು ಸಾಲಿಗೆ 4 ಡಬ್ಬಿ. ಎರಡು ಸಾಲಿಗೆ ಎಷ್ಟು ಡಬ್ಬಿ? ಒಂದು ಡಬ್ಬಿಗೆ 200 ಗ್ರಾಂ ಆದರೆ ಎಲ್ಲ ಸೇರಿ ಎಷ್ಟು ಭಾರ?

ಮಾಡಿ:
ಇಂದು ಮನೆಗೆ ಹೋಗಿ ಬಿಳಿ ಪುಡಿ ಇರುವ ಡಬ್ಬಗಳನ್ನು ಮೊದಲು ಹುಡುಕಿ. ಮದ್ದು, ಪಾಷಾಣ ಇದ್ದರೆ ಅಡುಗೆ ಮನೆಯಿಂದ ಹೊರಗೆ ಇಡಿ. ಉಳಿದ ಡಬ್ಬಗಳಿಗೆ ಹೆಸರು ಬರೆದು ಅಂಟಿಸಿ. ಬೇರೆ ಡಬ್ಬಗಳಿಗೆ ನಾಳೆ ಬರೆಯಬಹುದು.